ಅಪ್ಪನ ಸ್ಪಂಜು, ಅಮ್ಮನ ರಂಗೋಲಿ

ಜಪಾನಿನ ಕಾಶಿವಾ ಎಂಬ ಊರಿನ ಮನೆಯಲ್ಲಿ ಬಚ್ಚಲು ನಮ್ಮ ಪಾಲಿಗೆ ಬರುತ್ತಿದ್ದದ್ದು ಅಪ್ಪ ಜರಡಿಗಳನ್ನೆಲ್ಲ ತೊಳೆದು ಗೋಡೆಗೆ ಒರಗಿಸಿದ ಮೇಲೆಯೇ. ಅಲ್ಲಿಯವರೆಗೆ ಬಾಗಿಲು ಅರ್ಧ ತೆರೆದಿರುತ್ತಿತ್ತು. ಒಳಗೆ ಅಪ್ಪ ಪ್ಯಾಂಟನ್ನು ಮೊಣಕಾಲಿಗೆ ಮಡಚಿ, ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕೂತು, ಹಿತ್ತಾಳೆಯ ಜರಡಿಯನ್ನು ಷವರಿನ ಕೆಳಗೆ ಹಿಡಿದು ಮೆಲ್ಲಗೆ ಅಲ್ಲಾಡಿಸುತ್ತಿದ್ದರು. ಇಳಿಯುವ ನೀರು ಅಕ್ಕಿ ತೊಳೆದ ನೀರಿನ ಹಾಗೆ ಬೆಳ್ಳಗಿರುತ್ತಿತ್ತು. ಅದನ್ನು ಹಾಗೇ ಹರಿಯಲು ಬಿಡುವಂತಿರಲಿಲ್ಲ. ಮೊದಲ ವರ್ಷ ಬಿಟ್ಟು, ಪೈಪು ಕಟ್ಟಿಕೊಂಡು, ಕಟ್ಟಡದ ಉಸ್ತುವಾರಿ ನೋಡಿಕೊಳ್ಳುತ್ತಿದ್ದ ಒಗಾವಾ ಸಾನ್ ಎಂಬ ಹೆಂಗಸು ಬಾಗಿಲಿಗೆ ಬಂದು, ತಪ್ಪು ತನ್ನದೇ ಎಂಬಂತೆ ಬಗ್ಗಿ ಬಗ್ಗಿ ನಮಸ್ಕರಿಸಿ ಹೋಗಿದ್ದರು. ಅಷ್ಟು ಮರ್ಯಾದೆಯಾಗಿ ಬೈಸಿಕೊಂಡ ಮೇಲೆ ಅಪ್ಪ ಬಕೆಟ್ಟುಗಳನ್ನು ತಂದರು. ಬಿಳಿ ನೀರು ಬಕೆಟ್ಟಿನಲ್ಲಿ ನಿಂತು, ಸುಣ್ಣ ತಳಕ್ಕೆ ಕೂತು, ಮೇಲಿನ ತಿಳಿಯನ್ನು ಚೆಲ್ಲಿದ ಮೇಲೆ ಉಳಿದದ್ದು ಬಾಲ್ಕನಿಯಲ್ಲಿ ಒಣಗುತ್ತಿತ್ತು. ಹಾಗಾಗಿ ನಮ್ಮ ಮನೆಯಲ್ಲಿ ಸ್ನಾನಕ್ಕಿಂತ ಮೊದಲು ಬಕೆಟ್ಟು ದಾಟುವುದು ಒಂದು ಕೆಲಸ. ಯೋಕೋಹಾಮಾದಲ್ಲಿ ಬೆಳೆಯುತ್ತಿರುವ ನನ್ನ ಮಗಳಿಗೆ ಇದನ್ನು ಹೇಳಿದರೆ, ಉಸೋ, ಸುಳ್ಳು, ಅನ್ನುತ್ತಾಳೆ.

ಅಪ್ಪ ಸ್ಪಂಜುಗಳನ್ನು ಆಯುತ್ತಿದ್ದರು. ಪಾತ್ರೆ ತಿಕ್ಕುವ ಸ್ಪಂಜಲ್ಲ, ಕಲ್ಲಾಗಿ ಹೋದವು. ಬಹಳ ಬಹಳ ಹಿಂದೆ, ಈಗ ಇಂಗ್ಲೆಂಡಿನ ಬಿಳಿ ಬಂಡೆಗಳಿರುವ ಕಡೆ ಬೆಚ್ಚಗಿನ ಕಡಲಿತ್ತಂತೆ. ಅದರ ತಳದಲ್ಲಿ ಸೀಮೆಸುಣ್ಣದ ಕೆಸರು ವರ್ಷಗಟ್ಟಲೆ ಸದ್ದಿಲ್ಲದೆ ಕೂರುತ್ತಿತ್ತಂತೆ. ಆ ಕೆಸರಿನ ಮೇಲೆ ಸ್ಪಂಜುಗಳು ಒಂದೇ ಕಡೆ ಕಾಲೂರಿ ಬದುಕಿ, ಅಲ್ಲೇ ಹೂತುಹೋದವು. ಕೆಲವು ಆಲಿಕೆಯಂತೆ, ಕೆಲವು ಬಟ್ಟಲಿನಂತೆ. ದೊಡ್ಡವೆಲ್ಲ ಅಪ್ಪ ಕೆಲಸಕ್ಕಿದ್ದ ಯೂನಿವರ್ಸಿಟಿ ಕ್ಯಾಂಪಸ್ಸಿನ ಬೀರುಗಳಲ್ಲಿ ಇರುತ್ತಿದ್ದವು. ಅಪ್ಪನಿಗೆ ಬೇಕಾಗಿದ್ದದ್ದು ಯಾರೂ ಬಗ್ಗಿ ನೋಡದಷ್ಟು ಸಣ್ಣವು, ಗಸಗಸೆ ಗಾತ್ರದ ಉಂಡೆಗಳು. ಕಣ್ಣಿಗೆ ಬಿಳಿ ಚುಕ್ಕೆ, ಮೈಕ್ರೋಸ್ಕೋಪಿನಲ್ಲಿ ಮೈತುಂಬ ಸೂಜಿಮೊನೆಯ ತೂತು. ಪ್ರತಿ ಬೇಸಿಗೆ ಅಪ್ಪ ತಮ್ಮ ಮೇಲಿನವರಾದ ಕುರಾತಾ ಸಾನ್ ಜೊತೆ ಆ ತೀರಕ್ಕೆ ಹೋಗಿ, ಸುಣ್ಣದ ಹೆಂಟೆಗಳನ್ನು ಯಾವುದು ಯಾವ ಪದರದ್ದು ಎಂದು ಗುರುತು ಹಾಕಿ, ಪತ್ರಿಕೆಯಲ್ಲಿ ಸುತ್ತಿ ತರುತ್ತಿದ್ದರು. ಲ್ಯಾಬಿನಲ್ಲಿ ತೊಳೆಯುವ ತೊಟ್ಟಿಗೆ ಸರದಿ. ಅಪ್ಪನಂಥ ಕಾಂಟ್ರಾಕ್ಟಿನವರ ಸರದಿ ಕೊನೆಗೆ. ಅದಕ್ಕೇ ನಮ್ಮ ಬಚ್ಚಲು.

ಮನೆ ಮೂರನೇ ಮಹಡಿಯಲ್ಲಿತ್ತು. ಎರಡು ಕೋಣೆ, ಒಂದರಲ್ಲಿ ಚಾಪೆಯ ನೆಲ, ಇನ್ನೊಂದರಲ್ಲಿ ಅಡುಗೆಯೂ ಊಟವೂ. ಹಾಸಿಗೆ ಮಡಚಿಡುವ ಗೋಡೆಬೀರುವಿನ ಮೇಲ್ಭಾಗವನ್ನು ಅಮ್ಮ ದೇವರಮನೆ ಮಾಡಿಕೊಂಡಿದ್ದಳು. ಕೆಳಗೆ ಹಾಸಿಗೆ, ಮೇಲೆ ದೇವರು, ಮಧ್ಯೆ ಒಂದು ಹಲಗೆ. ದೀಪ ಹಚ್ಚುವಾಗ ಬೀರುವಿನ ಜಾರುಬಾಗಿಲನ್ನು ಪೂರ್ತಿ ತೆಗೆಯಬೇಕು, ಮುಗಿದ ಮೇಲೆ ನಂದಿಸಿಯೇ ಮುಚ್ಚಬೇಕು. ಮುಂಬಾಗಿಲು ತೆರೆದರೆ ಉದ್ದನೆಯ ಕಾರಿಡಾರು, ಒಂದು ಪಕ್ಕ ಮನೆಗಳು, ಇನ್ನೊಂದು ಪಕ್ಕ ಬಯಲು ಗಾಳಿ. ಹಿಂದೆ ಬಾಲ್ಕನಿ. ಬಾಲ್ಕನಿಯಲ್ಲಿ ಎರಡು ಹಲಗೆಯ ಒಂದು ಕಬ್ಬಿಣದ ಸ್ಟ್ಯಾಂಡು. ಅದರ ಕಾನೂನು ಮನೆಯಲ್ಲಿ ಎಲ್ಲರಿಗೂ ಬಾಯಿಪಾಠ: ಮೇಲಿನ ಹಲಗೆಯಲ್ಲಿರುವುದನ್ನು ಅಪ್ಪ ಬಿಟ್ಟು ಯಾರೂ ಮುಟ್ಟಬಾರದು, ಕೆಳಗಿನ ಹಲಗೆಯಲ್ಲಿರುವುದು ಅಪ್ಪನಿಗೆ ಬೇಡವಾದದ್ದು, ಅಮ್ಮ ಏನು ಬೇಕಾದರೂ ಮಾಡಿಕೊಳ್ಳಬಹುದು.

ಅಮ್ಮ ಮಾಡಿಕೊಳ್ಳುತ್ತಲೂ ಇದ್ದಳು. ಅಪ್ಪನ ಪದಾರ್ಥಗಳಿಗೆ ಮನೆಯಲ್ಲಿ ಅಡುಗೆಯ ಹೆಸರುಗಳೇ ಬಂದುಬಿಟ್ಟಿದ್ದವು. ಜರಡಿಯಿಂದ ಇಳಿದು ಬಕೆಟ್ಟಿನ ತಳದಲ್ಲಿ ಕೂತದ್ದು ಹಿಟ್ಟು. ಜರಡಿಯ ಮೇಲೆ ನಿಂತದ್ದು ರವೆ. ರವೆಯಲ್ಲಿ ಹುಡುಕಿದರೆ ಸಿಗುವ ಸ್ಪಂಜು ಗಸಗಸೆ. ಹಿಟ್ಟಿನಿಂದ ಅಮ್ಮ ಬೆಳ್ಳಿಯ ದೀಪ, ಕುಂಕುಮದ ಭರಣಿ ತಿಕ್ಕುತ್ತಿದ್ದಳು, ಅವು ಫಳಫಳ ಅನ್ನುತ್ತಿದ್ದವು. ಶುಕ್ರವಾರ ಅದೇ ಹಿಟ್ಟಿನಲ್ಲಿ ಬಾಗಿಲ ಮುಂದೆ ರಂಗೋಲಿ. ಆದರೆ ಹಿಟ್ಟು ಬೆರಳಿಗೆ ಮೆತ್ತಿಕೊಳ್ಳುತ್ತದೆ, ಗೆರೆ ಒಂದೇ ಸಮನೆ ಇಳಿಯುವುದಿಲ್ಲ. ಮೈಸೂರಿನಿಂದ ತಂದ ರಂಗೋಲಿ ಪುಡಿ ಎಂದೋ ಮುಗಿದಿತ್ತು. ಮೈದಾದಲ್ಲಿ ಬಿಡಿಸಿದ ಹಾಗಿದೆ ಎಂದು ಅಮ್ಮ ಗೊಣಗಿಕೊಂಡೇ ಬಿಡಿಸುತ್ತಿದ್ದಳು. ಒಗಾವಾ ಸಾನ್ ಮೊದಲು ಅದು ಇರುವೆ ಔಷಧಿ ಅಂದುಕೊಂಡಿದ್ದರಂತೆ. ಆಮೇಲೆ ಶುಕ್ರವಾರದ ಗುಡಿಸುವಿಕೆಯಲ್ಲಿ ನಮ್ಮ ಬಾಗಿಲ ಮುಂದಿನ ಒಂದು ಚೌಕವನ್ನು ಬಿಟ್ಟು ಗುಡಿಸತೊಡಗಿದರು.

ಹೆಂಟೆಗಳನ್ನು ಸುಮ್ಮನೆ ಕುಟ್ಟುವ ಹಾಗಿಲ್ಲ, ಸ್ಪಂಜು ಒಡೆಯುತ್ತದೆ. ಒಂದು ಬಗೆಯ ಉಪ್ಪುನೀರಿನಲ್ಲಿ ನೆನೆಸಿ, ಫ್ರೀಜರಿನಲ್ಲಿ ಹೆಪ್ಪುಗಟ್ಟಿಸಿ, ಹೊರಗಿಟ್ಟು ಕರಗಿಸಿ, ಮತ್ತೆ ಹೆಪ್ಪುಗಟ್ಟಿಸಿ, ಹೀಗೆ ಅದು ತಾನಾಗಿ ಬಿಟ್ಟುಕೊಳ್ಳುವ ತನಕ ಕಾಯಬೇಕು. ಫ್ರೀಜರಿನ ವಿಷಯದಲ್ಲಿ ಅಪ್ಪ ಅಮ್ಮನ ನಡುವೆ ನಡೆದಷ್ಟು ಮಾತು ಬೇರೆ ಯಾವ ವಿಷಯದಲ್ಲೂ ನಡೆದಿಲ್ಲ. ತುರಿದ ತೆಂಗಿನಕಾಯಿಯ ಪಾಕೀಟುಗಳು ಒಂದು ಕಡೆ, ಕಡಲಿನ ತಳ ಇನ್ನೊಂದು ಕಡೆ. ಇಂಡಿಯಾದವರು ಹೆಚ್ಚಿರುವ ಫುನಾಬೊರಿಯಿಂದ ಬಂದ ಕನ್ನಡದವರೊಬ್ಬರು ಒಮ್ಮೆ ಐಸಿಗಾಗಿ ಫ್ರೀಜರು ತೆಗೆದು, ಏನ್ರೀ ಇದು, ಕಲ್ಲು ಫ್ರೀಜ್ ಮಾಡ್ತೀರಾ ಎಂದು ಕೇಳಿದರು. ಅಮ್ಮ ಮುಖ ಒಂದಿಷ್ಟೂ ಬದಲಾಯಿಸದೆ, ನಾಳೆಗೆ ಹುಳಿ ಮಾಡೋಣ ಅಂತ, ಅಂದಳು.

ಸಂಜೆ ಊಟವಾದ ಮೇಲೆ ತಗ್ಗು ಮೇಜಿನ ಮೇಲೆ ಕಪ್ಪು ಕಾಗದ ಹಾಸಿ, ರವೆ ಹರವಿ, ಒದ್ದೆ ಕುಂಚದ ತುದಿಯಿಂದ ಗಸಗಸೆ ಎತ್ತುವುದು. ಅಪ್ಪ ಮೈಕ್ರೋಸ್ಕೋಪಿನಲ್ಲಿ, ಅಮ್ಮ ಕನ್ನಡಕದಲ್ಲಿ, ನಾನು ಬರಿಗಣ್ಣಿನಲ್ಲಿ. ನನಗೆ ಸಿಕ್ಕಿದ್ದರಲ್ಲಿ ಹೆಚ್ಚಿನವು ಸ್ಪಂಜಲ್ಲ, ಮರಳು. ಆದರೂ ಅಪ್ಪ ಒಂದೊಂದನ್ನೂ ಕಣ್ಣುಕೊಳವೆಯಲ್ಲಿ ನೋಡಿ, ನೋಡಿದ ಮೇಲೆಯೇ ಅಲ್ಲ ಅನ್ನುತ್ತಿದ್ದರು. ಒಂದು ಪದರದ ರವೆ ಮುಗಿದ ಮೇಲೆ ಕಾಗದ ಬದಲಾಯಿಸಿ, ಕುಂಚ ತೊಳೆದು, ಮೇಜನ್ನು ಎರಡು ಬಾರಿ ಒರೆಸಿ, ಆಮೇಲೆ ಮುಂದಿನದು. ಇದೇಕೆ ಇಷ್ಟು ಎಂದು ಅಮ್ಮ ಕೇಳಿದಾಗ ಅಪ್ಪ ಉಪ್ಪಿನಕಾಯಿ ಜಾಡಿಯ ಉದಾಹರಣೆ ಕೊಟ್ಟರು. ಎಂಜಲು ಚಮಚ ಒಂದು ಸಲ ಜಾಡಿಗೆ ಇಳಿದರೆ ಆಮೇಲೆ ಯಾವ ಹೋಳು ಒಳ್ಳೆಯದು, ಯಾವುದು ಕೆಟ್ಟಿದೆ ಎಂದು ಹೇಳಲು ಬರುವುದಿಲ್ಲ, ಹಾಗೆ. ಮೇಲಿನ ಪದರದ ಒಂದು ಕಾಳು ಕೆಳಗಿನ ಪದರಕ್ಕೆ ಬಂದರೆ ಎಲ್ಲವೂ ಎಂಜಲು. ಅಮ್ಮನಿಗೆ ಇದು ಎಷ್ಟು ಚೆನ್ನಾಗಿ ಅರ್ಥವಾಯಿತೆಂದರೆ, ಆಮೇಲೆ ಅಪ್ಪನೇ ಮರೆತು ಹಳೆಯ ಕುಂಚ ಎತ್ತಿಕೊಂಡರೆ ಅವಳು ಕೈಯಿಂದ ಕಿತ್ತುಕೊಳ್ಳುತ್ತಿದ್ದಳು.

ನಾನು ನಾಲ್ಕನೇ ಕ್ಲಾಸಿನಲ್ಲಿದ್ದ ಚಳಿಗಾಲದ ಮಾತು. ಅಪ್ಪನ ಕಾಂಟ್ರಾಕ್ಟು ಮಾರ್ಚಿಗೆ ಮುಗಿಯುವುದಿತ್ತು. ಒಂದು ಜಾತಿಯ ಗಸಗಸೆ ಸ್ಪಂಜು ಆ ಕಡಲಿನಲ್ಲಿ ತಡವಾಗಿ ಹುಟ್ಟಿತು ಎಂದು ಪುಸ್ತಕಗಳಲ್ಲೆಲ್ಲ ಇತ್ತಂತೆ. ಇಲ್ಲ, ಇನ್ನೂ ಹಳೆಯದಾದ ಕೆಳಗಿನ ಪದರದಲ್ಲೇ ಇತ್ತು ಎಂದು ಅಪ್ಪ ಹೇಳುತ್ತಿದ್ದರು. ಅವರ ಕೈಯಲ್ಲಿದ್ದದ್ದು ಆ ಕೆಳಪದರದ ಒಂದೇ ಹೆಂಟೆ. ತಂದ ಜಾಗದಲ್ಲಿ ಬಂಡೆ ಕುಸಿದು ಕಡಲು ಸೇರಿತ್ತು, ಮತ್ತೆ ತರುವಂತಿರಲಿಲ್ಲ. ಅದರಲ್ಲಿ ಆಗಲೇ ಒಂದು ಸ್ಪಂಜು ಸಿಕ್ಕಿತ್ತು. ಒಂದು ಸಾಲದು, ಆಕಸ್ಮಿಕ ಅನ್ನುತ್ತಾರೆ. ಇನ್ನೊಂದು ಚಿಟಿಕೆ ಸಿಕ್ಕರೆ, ಫೆಬ್ರವರಿಯ ಸಭೆಯಲ್ಲಿ ಮೇಜಿನ ಮೇಲಿಟ್ಟರೆ, ಎರಡು ವರ್ಷ ಮುಂದುವರಿಸಲು ತಾನು ಹೇಳುವುದಾಗಿ ಕುರಾತಾ ಸಾನ್ ಮಾತು ಕೊಟ್ಟಿದ್ದರು. ಸಿಗದಿದ್ದರೆ ಏಪ್ರಿಲಿನಲ್ಲಿ ನಮಗೆ ಈ ಮನೆಯೂ ಇಲ್ಲ, ವೀಸಾದ ಗತಿಯೂ ಗೊತ್ತಿಲ್ಲ. ಮೈಸೂರಿನಲ್ಲಿ ಅಪ್ಪನಿಗಾಗಿ ಯಾವ ಕೆಲಸವೂ ಕಾದಿರಲಿಲ್ಲ. ನನಗೆ ಕನ್ನಡ ಓದಲು ಬರುತ್ತಿರಲಿಲ್ಲ. ಎರಡು ವರ್ಷ ಅಂದರೆ ಪುಟ್ಟಿಯ ಆರನೇ ಕ್ಲಾಸು, ಇಲ್ಲಿಯ ಪ್ರೈಮರಿ, ಮುಗಿಯುತ್ತದೆ ಎಂದು ಅಮ್ಮ ಪಾತ್ರೆ ತೊಳೆಯುವಾಗ ತನಗೆ ತಾನೇ ಹೇಳಿಕೊಳ್ಳುವುದನ್ನು ನಾನು ಕೇಳಿದ್ದೆ.

ಸಂಕ್ರಾಂತಿಯ ಹಿಂದಿನ ದಿನ ಅಮ್ಮ ಎಳ್ಳಿಗೆ ಕೊಬ್ಬರಿ ಹೆಚ್ಚಿದಳು. ಕಂದು ಸಿಪ್ಪೆ ಹೆರೆದು, ಸಣ್ಣ ಸಣ್ಣ ಚೂರು ಮಾಡಿ, ಬಿಸಿಲಿಗಿಡಬೇಕು. ಜನವರಿಯ ಬಿಸಿಲು ನಮ್ಮ ಬಾಲ್ಕನಿಯಲ್ಲಿ ಬೀಳುತ್ತಿದ್ದದ್ದು ಸ್ಟ್ಯಾಂಡಿನ ಮೇಲಿನ ಹಲಗೆಗೆ ಮಾತ್ರ. ಹಲಗೆ ಖಾಲಿಯಿತ್ತು. ಅಪ್ಪ ಆ ಕೆಳಪದರದ ರವೆಯ ಡಬ್ಬವನ್ನು ಇಬ್ಬನಿ ತಾಗೀತೆಂದು ಹಿಂದಿನ ಸಂಜೆಯೇ ಒಳಗೆ ತಂದಿಟ್ಟುಕೊಂಡಿದ್ದರು. ಅಮ್ಮ ಮೊರದ ಬದಲು ತಟ್ಟೆಗಳಲ್ಲಿ ಕೊಬ್ಬರಿ ಹರವಿ ಮೇಲಿನ ಹಲಗೆಯ ತುಂಬ ಇಟ್ಟಳು. ಹಬ್ಬದ ಬೆಳಿಗ್ಗೆ ಅಪ್ಪ ಕೆಲಸಕ್ಕೆ ಹೊರಡುವ ಮೊದಲು, ಇನ್ನೂ ತುಸು ತೇವ ಇದ್ದ ಡಬ್ಬವನ್ನು ಬಾಲ್ಕನಿಗೆ ಒಯ್ದು, ಮೇಲೆ ಜಾಗವಿಲ್ಲದ್ದು ನೋಡಿ, ಕೊಬ್ಬರಿ ಸರಿಸುವ ಬದಲು ಕೆಳಗಿನ ಹಲಗೆಯಲ್ಲಿಟ್ಟು ಹೋದರು. ಅಷ್ಟೇ ನಡೆದದ್ದು.

ನಾನು ಸ್ಕೂಲಿನಿಂದ ಬಂದಾಗ ಬಾಗಿಲ ಮುಂದೆ ನಾನು ಅದುವರೆಗೆ ನೋಡದಷ್ಟು ದೊಡ್ಡ ರಂಗೋಲಿ. ಚುಕ್ಕಿ ಇಟ್ಟು ಬಳ್ಳಿ ಸುತ್ತಿ, ಎರಡು ಕಡೆ ಕಬ್ಬಿನ ಜಲ್ಲೆ, ನಡುವೆ ಹಾಲುಕ್ಕುವ ಮಡಕೆ, ಮಡಕೆಯ ಹೊಟ್ಟೆಗೆ ಒಂದು ಚಿಟಿಕೆ ಕುಂಕುಮ. ಗೆರೆಗಳು ದಾರ ಎಳೆದ ಹಾಗಿದ್ದವು. ಅಮ್ಮ ಸೆರಗು ಸಿಕ್ಕಿಸಿಕೊಂಡು ದೂರ ನಿಂತು ನೋಡುತ್ತಿದ್ದಳು, ಖುಷಿಯಾಗಿದ್ದಳು. ನನಗೆ ಲಂಗ ತೊಡಿಸಿ, ಮೇಲೆ ಸ್ಕೂಲಿನ ಜಾಕೆಟ್ಟು ಹಾಕಿಸಿ, ಎಳ್ಳು ಬೆಲ್ಲದ ಪೊಟ್ಟಣ ಕೊಟ್ಟು ಕಳಿಸಿದಳು. ನಾನು ಮಹಡಿಯ ಎಲ್ಲ ಮನೆಗೂ ಎಳ್ಳು ಬೀರಿ, ಕೆಳಗೆ ಒಗಾವಾ ಸಾನ್ ಅವರಿಗೂ ಕೊಟ್ಟು, ಅವರು ಬದಲಿಗೆ ಕೊಟ್ಟ ಕಿತ್ತಳೆಹಣ್ಣು ಹಿಡಿದು ಮೆಟ್ಟಿಲು ಹತ್ತಿ ಬಂದಾಗ ಅಪ್ಪ ಆಗಲೇ ಮನೆಗೆ ಬಂದಿದ್ದರು. ಬಾಗಿಲ ಮುಂದೆ ಮೊಣಕಾಲೂರಿ, ಕೈಚೀಲವನ್ನು ಹೆಗಲಿನಿಂದ ಇಳಿಸದೆ, ಬೆರಳ ತುದಿಯಿಂದ ಒಂದಿಷ್ಟು ಗೆರೆ ತೆಗೆದು ಬೆಳಕಿಗೆ ಹಿಡಿದಿದ್ದರು.

"ಸರೋಜ, ಇದು ಯಾವ ಡಬ್ಬದ್ದು?"

ಅಮ್ಮ ಬಾಗಿಲಿಗೆ ಬಂದಳು. ಕೆಳಗಿನ ಹಲಗೆಯದು ಎಂದಳು. ಅಪ್ಪನ ಮುಖ ನೋಡಿ, ಬಾಲ್ಕನಿಗೆ ಹೋಗಿ, ಖಾಲಿ ಡಬ್ಬವನ್ನು ತೆಗೆದುಕೊಂಡು ಬಂದಳು. ಪದರದ ಗುರುತಿದ್ದ ಕಾಗದ ಡಬ್ಬದ ಬುಡಕ್ಕೆ ಅಂಟಿತ್ತು. ಅದನ್ನು ಆಗ ಇಬ್ಬರೂ ನೋಡಿದರು.

ನಾವಿದ್ದ ಕಾಂತೋ ಬಯಲಿನ ಚಳಿಗಾಲದ ಒಣಗಾಳಿ ಗೊತ್ತಿದ್ದವರಿಗೆ ಮುಂದಿನದನ್ನು ಹೇಳಬೇಕಿಲ್ಲ. ಕಬ್ಬಿನ ಜಲ್ಲೆಯ ತುದಿ ಆಗಲೇ ಚದುರತೊಡಗಿತ್ತು. ಅಪ್ಪ ಕುಂಚ, ನಾನು ಕುಂಚ, ಅಮ್ಮ ಕಾಗದದ ಮೊರ. ಮೂವರೂ ನೆಲಕ್ಕೆ ಮೂಗು ತಾಗುವಷ್ಟು ಬಗ್ಗಿ ಗೆರೆ ಗೆರೆಯನ್ನು ಎತ್ತತೊಡಗಿದೆವು. ಒಗಾವಾ ಸಾನ್ ಉದ್ದ ಪೊರಕೆ ಹಿಡಿದು ಸಹಾಯಕ್ಕೆಂದು ಮೇಲೆ ಬಂದೇಬಿಟ್ಟರು. ಅಪ್ಪ ಸುಮಿಮಾಸೆನ್, ಸುಮಿಮಾಸೆನ್, ಕ್ಷಮಿಸಿ, ಎನ್ನುತ್ತ ಪೊರಕೆಗೆ ಅಡ್ಡ ಬಂದರು. ಕಾರಣ ನಾನು ಹೇಳಿದೆ. ಅವರು ಒಂದು ಮಾತೂ ಕೇಳದೆ ಕೆಳಗೆ ಹೋಗಿ, ಸಾಮಾನು ಬಂದ ದೊಡ್ಡ ರಟ್ಟುಗಳನ್ನು ತಂದು, ಗಾಳಿ ಬರುವ ಕಡೆ ಅಡ್ಡ ಹಿಡಿದು, ನಾವು ಮುಗಿಸುವ ತನಕ ನಿಂತರು. ಒಳಗೆ ಬಂದಾಗ ಹುಗ್ಗಿ ತಣ್ಣಗಾಗಿ ಕೆನೆ ಕಟ್ಟಿತ್ತು. ಅಪ್ಪನಿಗೆ ಬಡಿಸುತ್ತ ಅಮ್ಮ ಮಾತು ತೆಗೆದಳು.

"ಕೆಳಗಿನ ಹಲಗೆ ನಂದು ಅಂತ ಹೇಳಿದ್ದು ನೀವೇ."

"ಮೇಲಿನ ಹಲಗೆ ತುಂಬ ಕೊಬ್ಬರಿ ಇಟ್ಟಿದ್ದು ಯಾರು?"

ಇಬ್ಬರೂ ಅಪರೂಪಕ್ಕೆ ಒಂದೇ ತೂಕದಲ್ಲಿ ತಪ್ಪಿದ್ದರು, ಹಾಗಾಗಿ ಜಗಳ ಬೆಳೆಯಲಿಲ್ಲ. ಅಪ್ಪ ಹುಗ್ಗಿ ತಿಂದು ಕೈ ತೊಳೆದು ಕಪ್ಪು ಕಾಗದ ಹಾಸಿದರು.

ಆ ವಾರವೆಲ್ಲ ಆಯ್ದೆವು. ಕೂದಲು, ಜಾಕೆಟ್ಟಿನ ನೂಲು, ಕುಂಕುಮ ಹತ್ತಿ ಗುಲಾಬಿಯಾದ ಮರಳು, ಎಲ್ಲದರ ನಡುವೆ ಗಸಗಸೆ ಸಿಕ್ಕತೊಡಗಿತು. ಮೊದಲ ಸಂಜೆಯೇ ಅಪ್ಪ ಮೈಕ್ರೋಸ್ಕೋಪಿನಿಂದ ತಲೆ ಎತ್ತಿ ನಕ್ಕರು. ಅದೇ ಜಾತಿ. ಮರುದಿನ ಇನ್ನಷ್ಟು. ವಾರದ ಕೊನೆಗೆ ಔಷಧಿ ಶೀಶೆಯ ತಳ ಮುಚ್ಚುವಷ್ಟಾದವು. ಆದರೆ ನೆಲದಿಂದ ಗುಡಿಸಿದ ಸ್ಯಾಂಪಲ್ಲನ್ನು ಯಾರು ಒಪ್ಪುತ್ತಾರೆ? ಅಪ್ಪ ಅದಕ್ಕೂ ಯೋಚಿಸಿದ್ದರು. ಆ ನೆಲದ ಮೇಲೆ ಮೊದಲು ಬಿದ್ದಿದ್ದದ್ದು ಶುಕ್ರವಾರಗಳ ಹಿಟ್ಟು ಮಾತ್ರ. ಹಿಟ್ಟೆಂದರೆ ಜರಡಿಯ ಕಣ್ಣಿನಿಂದ ಇಳಿದದ್ದು, ಗಸಗಸೆ ಆ ಕಣ್ಣಿನಲ್ಲಿ ಇಳಿಯುವುದೇ ಇಲ್ಲ. ಹಾಗಾದರೆ ಸಿಕ್ಕ ಪ್ರತಿಯೊಂದು ಸ್ಪಂಜೂ ಆ ಒಂದು ಡಬ್ಬದ್ದೇ ಆಗಿರಬೇಕು. ಅಪ್ಪ ಇದನ್ನು ನಮಗೆ ಹೇಳಿದರು, ಮರುದಿನ ಕುರಾತಾ ಸಾನ್ ಅವರಿಗೆ ಹೇಳಿದರು. ಅವರು ಬಹಳ ಹೊತ್ತು ಯೋಚಿಸಿ, ತಾನೇ ಬಂದು ಆ ನೆಲವನ್ನು ನೋಡಿ, ಆಮೇಲೆ ಹೇಳುತ್ತೇನೆ ಅಂದರಂತೆ. ಅಪ್ಪ ಆಯುವಾಗ ಹಾಡು ಗುನುಗತೊಡಗಿದರು. ಅಮ್ಮ ಆ ವಾರ ಬಾಯಿ ಬಿಟ್ಟು ಮಾತಾಡಿದ್ದೇ ಕಡಿಮೆ. ತನ್ನಿಂದಾದದ್ದಕ್ಕೆ ಬೇಜಾರು ಎಂದು ನಾನೂ ಅಂದುಕೊಂಡೆ, ಅಪ್ಪನೂ ಅಂದುಕೊಂಡರು.

ಭಾನುವಾರ ಮಧ್ಯಾಹ್ನ ಕುರಾತಾ ಸಾನ್ ಬಂದರು. ಎತ್ತರದ ಮನುಷ್ಯ, ನಮ್ಮ ಬಾಗಿಲಿನಲ್ಲಿ ತಲೆ ತಗ್ಗಿಸಿಯೇ ಒಳಬರಬೇಕು. ಆ ವರ್ಷ ಅವರೂ ನಿವೃತ್ತರಾಗುವವರಿದ್ದರು. ಅಮ್ಮ ಚಿತ್ರಾನ್ನ ಮಾಡಿದ್ದಳು, ಖಾರ ಕಡಿಮೆ ಹಾಕಿ. ಅವರು ಮೊದಲು ಮೈಕ್ರೋಸ್ಕೋಪಿಗೆ ಕಣ್ಣಿಟ್ಟರು. ಒಂದೊಂದೇ ಸ್ಪಂಜನ್ನು ಕುಂಚದಿಂದ ಹೊರಳಿಸಿ, ಎಲ್ಲ ಮಗ್ಗುಲೂ ನೋಡಿದರು. ನೋಡಿ ಮುಗಿದಾಗ ಅವರ ಮುಖದ ಮೇಲೆ ಅಪ್ಪನ ಆ ಸಂಜೆಯ ನಗುವಿನ ಚೂರೊಂದು ಇತ್ತು. ಆಮೇಲೆ ಕಾರಿಡಾರಿಗೆ ಹೋಗಿ ಬಾಗಿಲ ಮುಂದೆ ಕುಕ್ಕರಗಾಲಲ್ಲಿ ಕೂತು, ಚೌಕಟ್ಟೂ ನೆಲವೂ ಸೇರುವ ಸಂದಿನಲ್ಲಿ ಉಗುರು ಎಳೆದರು. ಉಗುರು ಬೆಳ್ಳಗಾಯಿತು. ಅಪ್ಪ ಇಂಗ್ಲಿಷಿನಲ್ಲಿ ಹಿಟ್ಟಿನ ವಿಷಯ, ಜರಡಿಯ ಕಣ್ಣಿನ ವಿಷಯ ಮತ್ತೊಮ್ಮೆ ಹೇಳಿದರು. ಕುರಾತಾ ಸಾನ್ ತಲೆಯಾಡಿಸಿದರು. ಸರಿ, ಇಷ್ಟಾದರೆ ಸಭೆಯಲ್ಲಿ ನಾನು ನಿಂತು ಮಾತಾಡಬಲ್ಲೆ ಎಂದು ನಿಧಾನವಾಗಿ ಅಂದರು. ಆಮೇಲೆ, ನೆಲ ಮನೆಯಾಕೆಯದು, ಅವರನ್ನೂ ಕೇಳದೆ ಇರಬಾರದು ಎಂಬ ಮರ್ಯಾದೆಗೋ ಏನೋ, ಅಮ್ಮನ ಕಡೆ ತಿರುಗಿ ಜಪಾನಿಯಲ್ಲಿ ಕೇಳಿದರು. ಅಮ್ಮನಿಗೆ ಆಗ ಅಂಗಡಿಯ ಜಪಾನಿ ಮಾತ್ರ ಬರುತ್ತಿತ್ತು. ಆ ಮನೆಯಲ್ಲಿ ಇಂಥ ಮಾತುಗಳನ್ನು ದಾಟಿಸುವುದು ನನ್ನ ಕೆಲಸ. ನಾನು ಕನ್ನಡಕ್ಕೆ ತಿರುಗಿಸಿದೆ: ಆ ಹಿಟ್ಟು ಬಿಟ್ಟು ಬೇರೆ ಏನಾದರೂ ಇಲ್ಲಿ ಯಾವಾಗಲಾದರೂ ಹಾಕಿದ್ದಿದೆಯಾ ಅಂತ ಕೇಳ್ತಿದಾರೆ.

ಅಮ್ಮ ಕೈಯಲ್ಲಿದ್ದ ಒರೆಸುವ ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿದಳು. ಕುರಾತಾ ಸಾನ್ ಅವರನ್ನಲ್ಲ, ಅಪ್ಪನನ್ನು ನೋಡಿ ಹೇಳಿದಳು.

"ದೀಪಾವಳಿಗೆ ರವೆ ಹಾಕಿದ್ದೆ. ನೀವು ಊರಲ್ಲಿರಲಿಲ್ಲ. ಆರಿಸಿ ಬಿಟ್ಟಿದ್ದು, ಬೇರೆ ಬೇರೆ ಪದರದ್ದು, ಎಲ್ಲಾ ಒಟ್ಟಿಗೆ ಸುರಿದು."

ಆರಿಸಿ ಬಿಟ್ಟ ರವೆಯಲ್ಲೂ ಕಣ್ತಪ್ಪಿದ ಸ್ಪಂಜು ಇರುತ್ತದೆ. ಇದು ನನಗೂ ಗೊತ್ತಿತ್ತು. ಒಂದು ರವೆಯನ್ನು ಎರಡನೇ ಸಲ ಹರವಿದಾಗ ಯಾವಾಗಲೂ ಒಂದೋ ಎರಡೋ ಸಿಗುತ್ತಿದ್ದವು. ಮೇಲಿನ ಪದರಗಳಲ್ಲಿ ಈ ಜಾತಿ ಬೇಕಾದಷ್ಟಿತ್ತು. ಈ ಸಂದಿನಲ್ಲಿ ದೀಪಾವಳಿಯಿಂದ ಕೂತವು ನಮ್ಮ ಕುಂಚಕ್ಕೆ ಬಂದಿರಬಹುದು. ಶೀಶೆಯಲ್ಲಿದ್ದ ಯಾವ ಸ್ಪಂಜಿನ ಬಗ್ಗೆಯೂ ಇನ್ನು ಇಂಥ ಪದರದ್ದೇ ಎನ್ನುವಂತಿರಲಿಲ್ಲ. ಕುರಾತಾ ಸಾನ್ ನನ್ನ ಮುಖ ನೋಡುತ್ತ ಕಾದಿದ್ದರು. ಅಮ್ಮ ಹೇಳಿದ್ದರಲ್ಲಿ ಅವರಿಗೆ ಒಂದು ಪದವೂ ಅರ್ಥವಾಗಿರಲಿಲ್ಲ. ನಾನು ಏನನ್ನು ಹೇಳುತ್ತೇನೋ ಅದೇ ಅವರಿಗೆ ಅಮ್ಮ ಹೇಳಿದ್ದು. ನಾನು ಅಪ್ಪನನ್ನು ನೋಡಿದೆ. ಅಪ್ಪ ನೆಲ ನೋಡುತ್ತಿದ್ದರು. ಪಕ್ಕದ ಮನೆಯ ಬಾಲ್ಕನಿಯಲ್ಲಿ ಯಾರೋ ಹಾಸಿಗೆ ಬಡಿಯುತ್ತಿದ್ದ ಸದ್ದು ಕೇಳಿಸುತ್ತಿತ್ತು.

"ಹೇಳು ಪುಟ್ಟಿ," ಅಂದರು ಅಪ್ಪ. "ಅಮ್ಮ ಏನಂದಳೋ ಅದನ್ನೇ ಹೇಳು."

ಹೇಳಿದೆ. ರವೆಗೆ ಜಪಾನಿಯಲ್ಲಿ ಏನನ್ನಬೇಕೆಂದು ತಡವರಿಸಿದೆ, ಅಪ್ಪನೇ ಲ್ಯಾಬಿನ ಪದ ಒದಗಿಸಿದರು. ಕುರಾತಾ ಸಾನ್ ಕೂತಲ್ಲೇ ಕೂತು ಉಗುರಿನ ಬಿಳಿಯನ್ನು ನೋಡಿಕೊಂಡರು. ಆಮೇಲೆ ಗೋಡೆ ಹಿಡಿದು ಎದ್ದು, ಅಮ್ಮನಿಗೆ ಸೊಂಟದಿಂದ ಬಗ್ಗಿ, ಹೇಳಿದ್ದಕ್ಕೆ ಧನ್ಯವಾದ ಅಂದರು. ಒಳಗೆ ಬಂದು ಚಿತ್ರಾನ್ನವನ್ನು ಎರಡನೇ ಸಲ ಹಾಕಿಸಿಕೊಂಡರು. ಕೆಲಸದ ಮಾತು ಮತ್ತೆ ಬರಲಿಲ್ಲ. ಹೋಗುವಾಗ ಶೀಶೆಯನ್ನು ಕೇಳಿ ತೆಗೆದುಕೊಂಡರು, ಹೊಸ ವಿದ್ಯಾರ್ಥಿಗಳಿಗೆ ಆಯುವುದು ಕಲಿಸಲು ಬರುತ್ತದೆ ಎಂದು.

ಅವರು ಹೋದ ಮೇಲೆ ಅಮ್ಮ ತಟ್ಟೆ ತೊಳೆದಳು, ಅಪ್ಪ ಪಕ್ಕದಲ್ಲಿ ನಿಂತು ಒರೆಸಿದರು. ಅದು ಅವರು ಸಾಮಾನ್ಯವಾಗಿ ಮಾಡುವ ಕೆಲಸವಲ್ಲ.

"ನನಗೆ ಮೊದಲೇ ಹೇಳಬಹುದಿತ್ತಲ್ಲ," ಅಂದರು.

"ದಿನಾ ಬಾಯಿ ತನಕ ಬರೋದು. ನೀವು ಹಾಡ್ಕೊಂಡು ಆರ್ಸ್ತಿದ್ರಿ." ಅಮ್ಮ ನಲ್ಲಿ ನಿಲ್ಲಿಸಿದಳು. "ಹೇಳಿದ್ರೆ ಅವರನ್ನ ಕರೀತಿದ್ರಾ?"

ಅಪ್ಪ ಕೈಯಲ್ಲಿದ್ದ ತಟ್ಟೆಯನ್ನು ಒರೆಸಿದ ಮೇಲೂ ಒರೆಸಿದರು.

"ಗೊತ್ತಿಲ್ಲ ಕಣೆ."

ಫೆಬ್ರವರಿಯ ಸಭೆಯಲ್ಲಿ ಅಪ್ಪ ಮೇಜಿನ ಮೇಲಿಟ್ಟದ್ದು ಮೊದಲು ಸಿಕ್ಕ ಆ ಒಂದೇ ಸ್ಪಂಜನ್ನು. ಸಭೆಯವರು ಆಕಸ್ಮಿಕ ಎಂದರು. ಮಾರ್ಚಿನ ಕೊನೆಯಲ್ಲಿ ನಾವು ಕಾಶಿವಾ ಬಿಟ್ಟೆವು. ಐಸಿಗಾಗಿ ಫ್ರೀಜರು ತೆಗೆದಿದ್ದ ಅದೇ ಪರಿಚಯದವರು ಫುನಾಬೊರಿಯಲ್ಲಿ ಬಾಡಿಗೆಯ ಮನೆ ಹುಡುಕಿಕೊಟ್ಟರು. ಅಲ್ಲಿ ಇಂಡಿಯಾದ ಮಕ್ಕಳು ಬೇಕಾದಷ್ಟಿದ್ದರು, ಅಪ್ಪ ಒಂದು ಟ್ಯೂಷನ್ ಕೇಂದ್ರದಲ್ಲಿ ಲೆಕ್ಕ, ವಿಜ್ಞಾನ ಹೇಳಿಕೊಡತೊಡಗಿದರು. ವೀಸಾಕ್ಕೆ ಒದ್ದಾಡಿದೆವು, ಕೊನೆಗೆ ಸಿಕ್ಕಿತು. ಅಮ್ಮ ಮನೆಯಿಂದಲೇ ಚಪಾತಿ, ಹೋಳಿಗೆ ಮಾಡಿಕೊಡುತ್ತಿದ್ದಳು. ನನ್ನ ಆರನೇ ಕ್ಲಾಸು ಬೇರೆ ಸ್ಕೂಲಿನಲ್ಲಿ ಮುಗಿಯಿತು. ಕಷ್ಟವಾಯಿತೇ ಎಂದರೆ ಆಯಿತು, ಅಪ್ಪ ಒಂದೆರಡು ವರ್ಷ ಭಾನುವಾರಗಳಲ್ಲಿ ಏನು ಮಾಡಬೇಕೆಂದು ತಿಳಿಯದೆ ಕಿಟಕಿಯ ಹತ್ತಿರ ಕೂರುತ್ತಿದ್ದರು. ನಾನು ಆಮೇಲೆ ಎಷ್ಟೋ ಜನರ ಮಾತು ದಾಟಿಸಿದ್ದೇನೆ. ಜಪಾನಿ ಬಾರದ ನಮ್ಮ ಹೆಂಗಸರ ಜೊತೆ ಆಸ್ಪತ್ರೆಗೆ, ವಾರ್ಡ್ ಆಫೀಸಿಗೆ, ಮಕ್ಕಳ ಟೀಚರ ಬಳಿಗೆ ಹೋಗಿದ್ದೇನೆ. ಸ್ವಲ್ಪ ಮೆತ್ತಗೆ ಮಾಡಿ ಹೇಳು, ಅದೊಂದು ಬಿಟ್ಟು ಹೇಳು ಎಂದು ಕೇಳಿದವರಿದ್ದಾರೆ. ಅವರ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಬಿಟ್ಟು ಹೇಳಲು ನನಗೆ ಬರುವುದಿಲ್ಲ, ಅಷ್ಟೇ.

ಇತ್ತೀಚೆಗೆ ಒಂದು ಶನಿವಾರ ಫುನಾಬೊರಿಗೆ ಊಟಕ್ಕೆ ಹೋಗಿದ್ದೆ. ಅಪ್ಪನಿಗೆ ಈಗ ಓದಲು ದೊಡ್ಡ ಅಕ್ಷರ ಬೇಕು. ಟ್ಯಾಬ್ಲೆಟ್ಟಿನಲ್ಲಿ ಏನನ್ನೋ ದೊಡ್ಡದು ಮಾಡಿಕೊಂಡು ಓದುತ್ತಿದ್ದವರು ಸಾಧಾರಣ ಸುದ್ದಿ ಹೇಳುವ ಹಾಗೆ ಹೇಳಿದರು: ಬೇರೆ ದೇಶದ ಯಾರೋ ಹುಡುಗಿ, ಬೇರೆ ಕ್ವಾರಿಯಲ್ಲಿ, ಅದೇ ಕೆಳಪದರದಲ್ಲಿ ಆ ಗಸಗಸೆ ಸ್ಪಂಜುಗಳನ್ನು ಕಂಡಿದ್ದಾಳೆ, ಒಂದಲ್ಲ, ನೂರಾರು. ಅಪ್ಪ ಹೇಳಿದ್ದು ಸರಿಯಿತ್ತು. ಅಮ್ಮ ಹುರುಳಿಕಾಯಿ ಮುರಿಯುತ್ತಿದ್ದಳು. ಮುರಿಯುವುದನ್ನು ನಿಲ್ಲಿಸಿದಳು.

"ಹಾಗಾದ್ರೆ ಅವತ್ತು ನಾನು ಸುಮ್ಮನಿದ್ದಿದ್ರೂ ಆಗ್ತಿತ್ತು."

ಅಪ್ಪ ಕನ್ನಡಕ ತೆಗೆದು ಅಮ್ಮನ ಕಡೆ ನೋಡಿದರು.

"ಇಲ್ಲ ಸರೋಜ. ಅವತ್ತು ನಮಗೆ ಗೊತ್ತಿರಲಿಲ್ಲ."